ಗಿಣಿಗೇರಾದ ದೂಳು, ತಳಕಲ್ಲಿನ ಕಂಪ್ಯೂಟರ್

ಹುಬ್ಬಳ್ಳಿ–ಗುಂತಕಲ್ ರೈಲುಮಾರ್ಗದಲ್ಲಿ, ಕೊಪ್ಪಳ ಜಿಲ್ಲೆಯ ಗಡಿಯೊಳಗೆ, ಈಗ ಎರಡು ಕವಲುಗಳಿವೆ. ಪೂರ್ವಕ್ಕೆ ಗಿಣಿಗೇರಾ. ಅಲ್ಲಿ ಕವಲೊಡೆದ ಹಳಿ ಗಂಗಾವತಿ, ಕಾರಟಗಿ ದಾಟಿ 2024ರಲ್ಲಿ ಸಿಂಧನೂರು ಮುಟ್ಟಿದೆ, ಗುರಿ ರಾಯಚೂರು. ಪಶ್ಚಿಮಕ್ಕೆ ತಳಕಲ್. ಅಲ್ಲಿಂದ ಹೊರಟ ಗದಗ–ವಾಡಿ ಮಾರ್ಗ ಕುಕನೂರು, ಯಲಬುರ್ಗಾ ಹಾದು 2025ರಲ್ಲಿ ಕುಷ್ಟಗಿಗೆ ರೈಲು ತಂದಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಹಳೆಯ ತಾಲ್ಲೂಕುಗಳೂ ಹೀಗೆ ಒಂದೇ ಹಳಿಯ ಜಾಲಕ್ಕೆ ಬಂದಿವೆ. ಆ ಜಾಲದ ಮೇಲೇ ಇರುವ ತಳಕಲ್ಲಿನಲ್ಲಿ 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯ ಆರಂಭವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರ್ ಒಂದನ್ನು ಬಿಟ್ಟು ಉಳಿದ ಒಂಬತ್ತನ್ನು ಮುಚ್ಚಬಹುದೆಂದು ಸಚಿವ ಸಂಪುಟದ ಉಪಸಮಿತಿ ಹೇಳಿತು. ಆ ಒಂಬತ್ತರಲ್ಲಿ ಕೊಪ್ಪಳವೂ ಇತ್ತು. ಅಂದಿನಿಂದ ನಡೆದ ಚರ್ಚೆಯೆಲ್ಲ ಹಣ, ಜಮೀನು, ಕಟ್ಟಡಗಳ ಸುತ್ತಲೇ ತಿರುಗಿದೆ. ಇಂಥ ವಿಶ್ವವಿದ್ಯಾಲಯ ಇಲ್ಲಿದ್ದರೆ ಈ ಸೀಮೆಗೆ ಏನು ಮಾಡಿಕೊಡಬಲ್ಲದು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಅದನ್ನು ಒಂದೇ ವಿಭಾಗದ ಮಟ್ಟಿಗೆ, ಎಲ್ಲ ಪೋಷಕರೂ ಆಸೆಪಡುವ ಕಂಪ್ಯೂಟರ್ ವಿಜ್ಞಾನದ ಮಟ್ಟಿಗೆ, ಕೇಳಿ ನೋಡಬೇಕು. ನನ್ನ ವಾದ ಇಷ್ಟು: ಇಲ್ಲಿನ ಕಂಪ್ಯೂಟರ್ ವಿಭಾಗ ತನ್ನ ಸಂಶೋಧನೆಯ ಪ್ರಶ್ನೆಗಳನ್ನು ವಿದ್ಯಾರ್ಥಿಯ ಬಸ್ ಪಾಸು ತಲುಪುವ ದೂರದಿಂದಲೇ ಆರಿಸಿಕೊಳ್ಳಬೇಕು. ಹಾಗೆ ಮಾಡಿದರೆ ಸಂಶೋಧನೆ, ಜನರ ನಡುವಿನ ಕೆಲಸ, ಉದ್ಯೋಗ ಈ ಮೂರೂ ಒಟ್ಟಿಗೆ ಕೈಗೂಡುತ್ತವೆ. ಬೇರೆ ಬೇರೆಯಾಗಿ ಬೆನ್ನಟ್ಟಿದರೆ ಮೂರೂ ತಪ್ಪುತ್ತವೆ.

ಈ ಸೀಮೆಯ ಕಾಲೇಜುಗಳು ಕಂಡಷ್ಟು ವಿಶ್ವವಿದ್ಯಾಲಯಗಳನ್ನು ಕರ್ನಾಟಕದ ಬೇರೆ ಭಾಗ ಕಂಡಿರುವುದು ಅಪರೂಪ. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1980ರಿಂದ ಗುಲಬರ್ಗಾ, 2010ರಿಂದ ಬಳ್ಳಾರಿಯ ಶ್ರೀಕೃಷ್ಣದೇವರಾಯ, 2023ರಿಂದ ಕೊಪ್ಪಳ. ಪ್ರತಿ ಬದಲಾವಣೆಯಲ್ಲೂ ಅಂಕಪಟ್ಟಿಯ ಮೇಲಿನ ಮುದ್ರೆ ಬದಲಾಯಿತು, ಪಠ್ಯಕ್ರಮ ಬದಲಾಯಿತು. ಸಂಶೋಧನೆ ಮಾತ್ರ ಇಲ್ಲಿಗೆ ಬರಲಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗ ಸಾಮಾನ್ಯದ್ದಲ್ಲ. ಪಿ.ಎಸ್. ಹಿರೇಮಠ, ಬಿ.ವಿ. ಧಾಂಡ್ರ ಅವರಂಥ ಅಧ್ಯಾಪಕರ ಕಾಲದಲ್ಲಿ ಅಲ್ಲಿ ಚಿತ್ರ ಸಂಸ್ಕರಣೆಯ ಒಂದು ಪರಂಪರೆಯೇ ಬೆಳೆಯಿತು: ಕೈಬರಹದ ಕನ್ನಡ ಅಂಕಿಗಳನ್ನು ಯಂತ್ರಕ್ಕೆ ಓದಿಸುವುದು, ಒಂದೇ ಪುಟದಲ್ಲಿ ಬೆರೆತ ಲಿಪಿಗಳನ್ನು ಬಿಡಿಸುವುದು, ಚಿತ್ರದ ಮೇಲ್ಮೈಯ ವಿನ್ಯಾಸದಿಂದಲೇ ಚಿತ್ರವನ್ನು ಹುಡುಕುವುದು. ಹೈದರಾಬಾದ್ ಕರ್ನಾಟಕದ ನಡುವೆ ಕುಳಿತು, ಕನ್ನಡದ ಅಕ್ಷರವನ್ನೇ ಸಮಸ್ಯೆಯಾಗಿ ಎತ್ತಿಕೊಂಡು ಅವರು ದೇಶದ ಸಂಶೋಧನಾ ಪತ್ರಿಕೆಗಳಲ್ಲಿ ಜಾಗ ಗಿಟ್ಟಿಸಿಕೊಂಡರು. ಆದರೆ ಕೊಪ್ಪಳದಿಂದ ಕಲಬುರ್ಗಿ ಇನ್ನೂರು ಕಿಲೋಮೀಟರಿಗೂ ದೂರ. ಆಗ ಕುಷ್ಟಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದ ವಿದ್ಯಾರ್ಥಿಗೆ ಆ ವಿಶ್ವವಿದ್ಯಾಲಯವೆಂದರೆ ಪರೀಕ್ಷೆ ಮತ್ತು ಫಲಿತಾಂಶ ಮಾತ್ರ. ಅಲ್ಲಿನ ಪ್ರಯೋಗಾಲಯದಲ್ಲಿ ತನ್ನ ತಾಯಿಯ ಕೈಬರಹದಂಥ ಬರಹವನ್ನೇ ಯಂತ್ರಕ್ಕೆ ಕಲಿಸುತ್ತಿದ್ದಾರೆಂಬ ಸುದ್ದಿ ಅವನಿಗೆ ತಲುಪುವ ದಾರಿಯೇ ಇರಲಿಲ್ಲ.

ಈ ಅಂತರದಲ್ಲಿ ಬೆಳೆದ ಒಂದು ಕೆಟ್ಟ ಪದ್ಧತಿಯನ್ನು ನೇರವಾಗಿ ಹೇಳಲೇಬೇಕು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಅನ್ನು ದುಡ್ಡು ಕೊಟ್ಟು ತರುವುದು ರಾಜ್ಯದಾದ್ಯಂತ ಎಲ್ಲರಿಗೂ ಗೊತ್ತಿರುವ ಸಂಗತಿ. ಬೆಂಗಳೂರಿನಲ್ಲೂ ಜಿಲ್ಲಾ ಕೇಂದ್ರಗಳಲ್ಲೂ ಇದಕ್ಕೆಂದೇ ಅಂಗಡಿಗಳಿವೆ. ಸಿದ್ಧ ಪ್ರೋಗ್ರಾಂ, ಸಿದ್ಧ ವರದಿ, ಮೌಖಿಕ ಪರೀಕ್ಷೆಗೆ ಸಿದ್ಧ ಉತ್ತರ. ಗ್ರಂಥಾಲಯ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ, ಹಾಜರಾತಿ ವ್ಯವಸ್ಥೆ ಎಂಬ ಅವೇ ಶೀರ್ಷಿಕೆಗಳು ವರ್ಷ ವರ್ಷ ತಿರುಗಿ ಬರುತ್ತವೆ. ಹುಡುಗರನ್ನು ದೂರುವುದು ಸುಲಭ. ಆದರೆ ಉತ್ತರ ಮೊದಲೇ ಗೊತ್ತಿರುವ, ಯಾರಿಗೂ ಬೇಕಿಲ್ಲದ ಕೆಲಸವನ್ನು ಕೊಟ್ಟವರು ನಾವೇ. ಬೇಕಿಲ್ಲದ್ದನ್ನು ಕೊಂಡು ತರುವುದು ಮನುಷ್ಯ ಸಹಜ. ಮೂರೋ ಐದೋ ವರ್ಷದ ಓದಿನಲ್ಲಿ ವಿದ್ಯಾರ್ಥಿ ಸ್ವಂತವಾಗಿ ಒಂದು ಪ್ರಶ್ನೆಯನ್ನು ಬೆನ್ನಟ್ಟಬಹುದಾದ ಏಕೈಕ ಅವಧಿ ಆ ಪ್ರಾಜೆಕ್ಟು. ಸಂಶೋಧನೆಯ ರುಚಿ ಹತ್ತುವುದೂ ಅಲ್ಲೇ, ಊರಿನವರ ಎದುರು ನಿಂತು ಮಾತಾಡುವ ಸಂದರ್ಭ ಸಿಗುವುದೂ ಅಲ್ಲೇ, ನಾಳೆ ಸಂದರ್ಶನದಲ್ಲಿ ತೋರಿಸಲು ಏನಾದರೂ ಸಿಗುವುದೂ ಅಲ್ಲೇ. ಅದನ್ನು ಅಂಗಡಿಗೆ ಬಿಟ್ಟುಕೊಟ್ಟ ಮೇಲೆ ವಿಭಾಗದ ಗೋಡೆಯ ಮೇಲೆ ‘ಸಂಶೋಧನೆ’, ‘ಉದ್ಯೋಗಾವಕಾಶ’ ಎಂದು ಫಲಕ ಹಾಕಿ ಪ್ರಯೋಜನವಿಲ್ಲ.

ಹಾಗಾದರೆ ಕೊಂಡು ತರಲಾಗದ ಪ್ರಶ್ನೆ ಎಲ್ಲಿದೆ? ಗಿಣಿಗೇರಾದಲ್ಲಿದೆ, ಗಾಳಿಯಲ್ಲೇ ಇದೆ. ಗಿಣಿಗೇರಾದ ಹೊಸಪೇಟೆ ಸ್ಟೀಲ್ಸ್, ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್, ಹಾಲವರ್ತಿ ಬಳಿಯ ಪೆಲೆಟ್ ಘಟಕ, ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳು – ಇವುಗಳ ನಡುವೆ ಹಿರೇಬಗನಾಳ, ಅಲ್ಲಾನಗರ, ಕಾಸನಕಂಡಿಯಂಥ ಹಳ್ಳಿಗಳಿವೆ. ಬಲ್ಡೋಟಾ ಸಮೂಹದ ಬೃಹತ್ ಉಕ್ಕು ವಿಸ್ತರಣೆಯ ಸುದ್ದಿ ಬಂದಾಗ, 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು. ಊರಿನ ಗವಿಮಠದ ಸ್ವಾಮೀಜಿಯೇ ಬೀದಿಗಿಳಿದರು. ಆ ಹೋರಾಟದ ವೇದಿಕೆಗಳಲ್ಲಿ ಬೆಳೆ, ಉಸಿರು, ಮಕ್ಕಳ ಕೆಮ್ಮಿನ ಮಾತು ಬಂತು. ಕಾರ್ಖಾನೆಗಳ ಕಡೆಯಿಂದ ನಿಯಮ ಪಾಲನೆಯ ಮಾತು ಬಂತು. ಇಬ್ಬರ ನಡುವೆ ಇಡಬಹುದಾದ, ಹಳ್ಳಿಯವರು ತಾವೇ ಓದಬಲ್ಲ, ವರ್ಷಪೂರ್ತಿ ಗಂಟೆಗಂಟೆಗೆ ಅಳೆದ ಗಾಳಿಯ ಲೆಕ್ಕದ ಮಾತು ಎಲ್ಲಿ? ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಈ ಎರಡು ಅಂಕಿಗಳ ನಡುವೆ ಕಾಸನಕಂಡಿಯ ಶಾಲೆಯ ಅಂಗಳ ಇಂದು ಬೆಳಿಗ್ಗೆ ಎಲ್ಲಿತ್ತು ಎಂದು ಹೇಳುವುದು ಒಂದು ಕಂಪ್ಯೂಟರ್ ವಿಭಾಗದ ಕೈಯಲ್ಲಾಗುವ ಕೆಲಸ.

ಇದು ಬರೀ ಯಂತ್ರ ತಂದು ಕಟ್ಟುವ ಕೆಲಸವೂ ಅಲ್ಲ. ಪ್ರಮಾಣಿತ ಅಳತೆ ಯಂತ್ರ ಲಕ್ಷಗಟ್ಟಲೆ ಬೆಲೆಯದು; ಹಳ್ಳಿಗೊಂದು ಇಡಲಾಗದು. ಕೆಲವು ಸಾವಿರಕ್ಕೆ ಸಿಗುವ ಸಣ್ಣ ಸಂವೇದಕಗಳು ಬೆಳಕಿನ ಚದುರುವಿಕೆಯಿಂದ ಕಣಗಳನ್ನು ಅಂದಾಜು ಮಾಡುತ್ತವೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಅವು ನೀರು ಹೀರಿ ಉಬ್ಬಿದ ಕಣವನ್ನು ಹೆಚ್ಚು ದೂಳೆಂದು ಓದುತ್ತವೆ. ದಪ್ಪ ಕಣಗಳನ್ನು ಸರಿಯಾಗಿ ಕಾಣುವುದೇ ಇಲ್ಲ. ಸ್ಪಾಂಜ್ ಐರನ್ ಸೀಮೆಯ ದೂಳಿನಲ್ಲಿ ದಪ್ಪ ಕಣವೂ ಇದೆ, ಕಬ್ಬಿಣದ ಅಂಶವೂ ಇದೆ, ಕಲ್ಲಿದ್ದಲ ಮಸಿಯೂ ಇದೆ. ದೆಹಲಿಯ ಗಾಳಿಗೆ ಹೊಂದಿಸಿದ ತಿದ್ದುಪಡಿಯ ಸೂತ್ರ ಗಿಣಿಗೇರಾಕ್ಕೆ ಹೊಂದುತ್ತದೆಂದು ನಂಬುವಂತಿಲ್ಲ. ಒಂದು ಪ್ರಮಾಣಿತ ಯಂತ್ರದ ಪಕ್ಕ ಹತ್ತು ಅಗ್ಗದ ಸಂವೇದಕಗಳನ್ನಿಟ್ಟು, ಮಳೆಗಾಲ ಬೇಸಿಗೆ ಎರಡನ್ನೂ ದಾಟಿಸಿ, ಅವುಗಳ ತಪ್ಪನ್ನು ಯಂತ್ರಕಲಿಕೆಯಿಂದ ತಿದ್ದುವುದು, ಕಾಲ ಕಳೆದಂತೆ ಸಂವೇದಕ ದಾರಿ ತಪ್ಪುವುದನ್ನು ಹಿಡಿಯುವುದು – ಇವು ಜಗತ್ತಿನಲ್ಲಿ ಇನ್ನೂ ಮುಗಿಯದ ಸಂಶೋಧನೆಯ ಪ್ರಶ್ನೆಗಳು. ಐಐಟಿ ಕಾನ್ಪುರದವರು ಬಿಹಾರ ಮತ್ತು ಉತ್ತರಪ್ರದೇಶದ ಬ್ಲಾಕು ಮಟ್ಟಕ್ಕೆ ಇಂಥ ಸಂವೇದಕಗಳ ಜಾಲ ಒಯ್ದು ತೋರಿಸಿದ್ದಾರೆ. ಇನ್ನೊಂದು ಮೂಲವೂ ಇದೆ. ಉಕ್ಕು ಸೇರಿದಂತೆ 17 ಬಗೆಯ ಹೆಚ್ಚು ಮಾಲಿನ್ಯದ ಉದ್ಯಮಗಳು ತಮ್ಮ ಚಿಮಣಿಯಲ್ಲೇ ನಿರಂತರ ಮಾಪಕ ಕೂರಿಸಿ ಮಾಹಿತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ನೇರ ಕಳಿಸಬೇಕೆಂದು 2014ರಲ್ಲೇ ಕೇಂದ್ರ ಮಂಡಳಿ ಹೇಳಿದೆ. ಚಿಮಣಿಯ ಅಂಕಿಯನ್ನೂ ಅಂಗಳದ ಅಂಕಿಯನ್ನೂ ಗಾಳಿಯ ದಿಕ್ಕಿನೊಡನೆ ಒಂದೇ ನಕ್ಷೆಯ ಮೇಲೆ ತರುವುದು ಎಂಎಸ್ಸಿ ಪ್ರಾಜೆಕ್ಟಿಗೆ ತಕ್ಕ ಕೆಲಸ. ಆ ನಕ್ಷೆಯನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ವಿವರಿಸಿದರೆ ಅದೇ ಜನರ ನಡುವಿನ ಕೆಲಸ; ಪ್ರತ್ಯೇಕ ಕಾರ್ಯಕ್ರಮ ಬೇಕಿಲ್ಲ.

ಇಲ್ಲಿಯೇ ಗಟ್ಟಿಯಾದ ಆಕ್ಷೇಪ ಏಳುತ್ತದೆ. ಈ ಸೀಮೆಯಲ್ಲಿ ಕೆಲಸ ಕೊಡುವವರೂ ಕಾರ್ಖಾನೆಗಳೇ. ಅವರ ದೂಳನ್ನು ಅಳೆಯುವ ವಿಭಾಗದ ಹುಡುಗರನ್ನು ಅವರು ಕೆಲಸಕ್ಕೆ ಕರೆದಾರೆಯೇ? ಈ ಆತಂಕ ಹಗುರವಾದುದಲ್ಲ. ಅದಕ್ಕೆ ಎರಡು ಉತ್ತರಗಳಿವೆ. ಒಂದು, ಅಳತೆಯ ವಿಧಾನವನ್ನೂ ಪ್ರೋಗ್ರಾಮನ್ನೂ ಮೊದಲೇ ಎಲ್ಲರಿಗೂ ತೆರೆದಿಟ್ಟು, ಕಾರ್ಖಾನೆಯ ಎಂಜಿನಿಯರಿಗೂ ಪರೀಕ್ಷಿಸಲು ಬಿಟ್ಟರೆ, ಅಂಕಿ ಯಾರ ಪರವಾಗಿಯೂ ಇರುವುದಿಲ್ಲ. ಆರೋಪ ತಪ್ಪಾಗಿದ್ದರೆ ಕಾರ್ಖಾನೆಗೂ ಅದೇ ಅಂಕಿ ರಕ್ಷೆ. ಇನ್ನೊಂದು, ಕಾರ್ಖಾನೆಗೆ ಈ ವಿಭಾಗದಿಂದ ಬೇಕಾದದ್ದು ಬೇರೆಯೇ ಇದೆ. ಎರಕದ ಮೇಲ್ಮೈಯಲ್ಲಿ ಕಣ್ತಪ್ಪುವ ಬಿರುಕು, ರಂಧ್ರಗಳನ್ನು ಕ್ಯಾಮೆರಾದಿಂದ ಹಿಡಿಯುವುದು, ಯಂತ್ರದ ಕಂಪನದಿಂದ ಅದು ಕೆಡುವ ಮುನ್ನವೇ ತಿಳಿಯುವುದು, ಕುಲುಮೆಯ ತಾಪದ ದಾಖಲೆಯಿಂದ ಇಂಧನ ಉಳಿಸುವುದು. ಕಲಬುರ್ಗಿಯಲ್ಲಿ ಅಕ್ಷರದ ಅಂಚು, ಚಿತ್ರದ ವಿನ್ಯಾಸ ಗುರುತಿಸಲು ಬಳಸಿದ ಗಣಿತ ಎರಕದ ಬಿರುಕಿಗೂ ಒದಗುತ್ತದೆ. ಈ ಕೌಶಲ ಇರುವ ಹುಡುಗಿಯನ್ನು ಜಿಲ್ಲೆಯ ಒಳಗೇ ಪಡೆಯುವುದು ಕಾರ್ಖಾನೆಗೆ ಲಾಭ. ಆದರೆ ಒಂದು ಗೆರೆ ಎಳೆಯಲೇಬೇಕು: ಗಾಳಿಯನ್ನು ಅಳೆಯುವ ಕೆಲಸಕ್ಕೆ ಕಾರ್ಖಾನೆಯ ಹಣ ಬರಕೂಡದು. ಅದರ ಖರ್ಚು ಸರ್ಕಾರದ್ದೋ ವಿಶ್ವವಿದ್ಯಾಲಯದ್ದೋ ಆಗಿರಬೇಕು. ಈ ಗೆರೆ ಅಳಿಸಿದ ದಿನ ಹಳ್ಳಿಯವರು ಆ ಅಂಕಿಯನ್ನು ನಂಬುವುದಿಲ್ಲ, ನಂಬಲೂ ಬಾರದು.

ಗಿಣಿಗೇರಾದಿಂದ ಪೂರ್ವಕ್ಕೆ ಹೊರಟರೆ ಪ್ರಶ್ನೆ ನೀರಿನದು, ಮಣ್ಣಿನದು. ಮುನಿರಾಬಾದಿನ ತುಂಗಭದ್ರಾ ಜಲಾಶಯದ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದಾಗ, ಚೈನಿನ ಒಂದು ಕೊಂಡಿ ತುಂಡಾದರೆ ಎಷ್ಟು ಲಕ್ಷ ಎಕರೆಯ ಭತ್ತ ಅಪಾಯಕ್ಕೆ ಸಿಲುಕುತ್ತದೆಂದು ಮೂರು ರಾಜ್ಯಗಳು ಕಂಡವು. ಅಣೆಕಟ್ಟುಗಳಿಗೆ ಮಾಪನ ಉಪಕರಣ ಅಳವಡಿಸಬೇಕೆಂದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹೇಳುತ್ತದೆ. ಆ ಉಪಕರಣ ಕೊಡುವ ಅಂಕಿಗಳನ್ನು ದಿನವೂ ಓದುವ, ಅಸಹಜವಾದದ್ದನ್ನು ಹಿಡಿಯುವ ಜನ ಬೇಕು. ಎಡದಂಡೆ ಕಾಲುವೆಯ ಕೊನೆಯ ರೈತನಿಗೆ ನೀರು ತಲುಪದಿರುವುದು, ಮೇಲಿನವರ ಹೊಲದಲ್ಲಿ ನೀರು ನಿಂತು ಮಣ್ಣು ಸವಳಾಗುವುದು ದಶಕಗಳ ಗೋಳು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೆ ಅಖಿಲ ಭಾರತ ಸಂಶೋಧನಾ ಯೋಜನೆಯೇ ನಡೆಯುತ್ತದೆ. ಅವರ ಬಳಿ ಮಣ್ಣಿನ ಮಾದರಿಗಳಿವೆ. ಆಕಾಶದಲ್ಲಿ ಯುರೋಪಿನ ಸೆಂಟಿನೆಲ್–2 ಉಪಗ್ರಹಗಳು ಹತ್ತು ಮೀಟರಿನ ಸ್ಪಷ್ಟತೆಯಲ್ಲಿ, ಸುಮಾರು ಐದು ದಿನಕ್ಕೊಮ್ಮೆ, ಇದೇ ಹೊಲಗಳ ಚಿತ್ರ ತೆಗೆಯುತ್ತವೆ. ಆ ಚಿತ್ರಗಳು ಯಾರಿಗೂ ಉಚಿತ. ಮಾದರಿಯನ್ನೂ ಚಿತ್ರವನ್ನೂ ಕೂಡಿಸಿ ಯಾವ ಹೋಬಳಿಯ ಯಾವ ಹೊಲ ಸವಳಿನ ಕಡೆಗೆ ಜಾರುತ್ತಿದೆಯೆಂದು ಹೇಳಲು ಒಂದು ಸಾಧಾರಣ ಕಂಪ್ಯೂಟರ್, ಒಳ್ಳೆಯ ಅಂತರ್ಜಾಲ, ತಾಳ್ಮೆ ಸಾಕು. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಎರೆಹೊಲದಲ್ಲಿ ಪ್ರಶ್ನೆ ತಲೆಕೆಳಗಾಗುತ್ತದೆ: ಇಲ್ಲಿ ಹೆಚ್ಚಾದ ನೀರಲ್ಲ, ಬಾರದ ಮಳೆ. 2019ರಲ್ಲಿ ಗವಿಮಠ ಮತ್ತು ಜನ ಕೈಗೂಡಿಸಿ ಹಿರೇಹಳ್ಳವನ್ನು ಶುಚಿಗೊಳಿಸಿದರಲ್ಲ, ಅದರಿಂದ ದಂಡೆಯ ಹಸಿರು ಎಷ್ಟು ಹಿಗ್ಗಿತೆಂಬುದನ್ನೂ ಅದೇ ಚಿತ್ರಗಳು ಹೇಳಬಲ್ಲವು.

ಕೃಷಿ ವಿಶ್ವವಿದ್ಯಾಲಯಗಳಿಂದ ಕಲಿಯಬೇಕಾದ ದೊಡ್ಡ ಪಾಠ ಇಲ್ಲಿದೆ. ಅಲ್ಲಿ ಬೋಧನೆ, ಸಂಶೋಧನೆಗಳ ಜತೆ ವಿಸ್ತರಣೆಯೂ ಕಡ್ಡಾಯ ಕರ್ತವ್ಯ. ಅದಕ್ಕೆ ನಿರ್ದೇಶಕರಿದ್ದಾರೆ, ಕೃಷಿ ವಿಜ್ಞಾನ ಕೇಂದ್ರಗಳಿವೆ, ಮೇಳಗಳಿವೆ. ವಿಜ್ಞಾನಿ ರೈತನ ಎದುರು ನಿಂತು ಉತ್ತರ ಕೊಡಲೇಬೇಕು. ಕಂಪ್ಯೂಟರ್ ವಿಭಾಗಗಳಲ್ಲಿ ಇಂಥದ್ದೊಂದು ಹುದ್ದೆಯೂ ಇಲ್ಲ, ಇರಬೇಕೆಂಬ ಯೋಚನೆಯೂ ಇಲ್ಲ. ಕೊಪ್ಪಳದ ಗವಿಮಠದ ಜಾತ್ರೆ ಪ್ರತಿವರ್ಷ ಒಂದೊಂದು ಸಾಮಾಜಿಕ ಸಂದೇಶ ಹೊತ್ತು ಲಕ್ಷಾಂತರ ಜನರನ್ನು ಸೇರಿಸುತ್ತದೆ. ಅಲ್ಲಿ ತಮ್ಮ ಊರಿನ ಗಾಳಿ–ಮಣ್ಣಿನ ನಕ್ಷೆ ತೋರಿಸುವ ಮಳಿಗೆಯೊಂದು ಬೇಕು.

ಭಾಷೆ ಮತ್ತು ಶಾಸನದ ಕ್ಷೇತ್ರ ಇನ್ನೊಂದು ಲೇಖನಕ್ಕಾಗುವಷ್ಟಿದೆ. ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಕವಿರಾಜಮಾರ್ಗ ತಿರುಳ್ಗನ್ನಡದ ನಾಡೆಂದು ಗುರುತಿಸಿದ ಎಲ್ಲೆಯಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳ, ಇದೆ. ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ತನ್ನ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸವೆದ ಅಕ್ಷರಗಳನ್ನು ಮತ್ತೆ ಓದುವಂತೆ ಮಾಡಿದೆ. ಶಾಸನಗಳ ನೆರೆಯಲ್ಲೇ ಇರುವ ಕೊಪ್ಪಳಕ್ಕೆ ಆ ಕೆಲಸ ಏಕೆ ಬೇಡ? ಮಾತಿನ ವಿಷಯವೂ ಹಾಗೆಯೇ. ಮೊಬೈಲಿನ ಕನ್ನಡ ಧ್ವನಿ ಸೌಲಭ್ಯಗಳು ಸುದ್ದಿವಾಚಕರ ಕನ್ನಡವನ್ನು ಗುರುತಿಸುವಷ್ಟು ಸರಾಗವಾಗಿ ಯಲಬುರ್ಗಾದ ಅಜ್ಜಿಯ ಮಾತನ್ನು ಗುರುತಿಸುವುದಿಲ್ಲ. ತಾಂಡಾಗಳ ಲಂಬಾಣಿಯಂತೂ ದೂರದ ಮಾತು. ಧಾರವಾಡದ ಐಐಟಿಯಲ್ಲಿ ಲಂಬಾಣಿ ಧ್ವನಿಯ ಮೇಲೆ ಕೆಲಸ ಶುರುವಾಗಿದೆ. ಇಂಥ ಕೆಲಸಕ್ಕೆ ಬೇಕಾದ ಧ್ವನಿ ಸಂಗ್ರಹವನ್ನು, ಮಾತಾಡುವವರಿಗೆ ಗೌರವಧನ ಕೊಟ್ಟು ಅವರ ಒಪ್ಪಿಗೆ ಪಡೆದು, ಮಾಡಬಲ್ಲವರು ಆ ಊರಿನ ವಿದ್ಯಾರ್ಥಿಗಳೇ.

‘ಇದೆಲ್ಲ ಸ್ಥಳೀಯ ಸಮೀಕ್ಷೆ, ವಿಜ್ಞಾನವಲ್ಲ’ ಎನ್ನುವವರಿದ್ದಾರೆ. ಇವರಿಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯವನ್ನು ನೆನಪಿಸಬೇಕು. 1862ರ ಮೊರಿಲ್ ಕಾಯ್ದೆಯಡಿ ಜಮೀನು ಪಡೆದು, ಕೃಷಿ ಮತ್ತು ಯಂತ್ರವಿದ್ಯೆ ಕಲಿಸಲು, ಮೆಕ್ಕೆಜೋಳದ ಹೊಲಗಳ ನಡುವೆ ಅರ್ಬಾನಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ್ದು ಅದು. ಅಲ್ಲಿಯೇ 1952ರಲ್ಲಿ ಇಲಿಯಾಕ್ ಕಂಪ್ಯೂಟರ್, 1960ರಲ್ಲಿ ಕಂಪ್ಯೂಟರಿನಿಂದ ಪಾಠ ಹೇಳುವ ಪ್ಲೇಟೋ, 1993ರಲ್ಲಿ ಸಾಮಾನ್ಯರಿಗೆ ಅಂತರ್ಜಾಲ ತೆರೆದ ಮೊಸಾಯಿಕ್ ಬ್ರೌಸರ್ ಬಂದವು. ಅವರ ಹಣ ನಮ್ಮಲ್ಲಿಲ್ಲ, ನಿಜ. ಆದರೆ ಹಣವಿಲ್ಲದೆಯೂ ಆದ ಉದಾಹರಣೆ ಕನ್ನಡದಲ್ಲೇ ಇದೆ. 2019ರಲ್ಲಿ ವಿನಯ್ ಪ್ರಭು ಬೆಂಗಳೂರಿನಲ್ಲಿ 65 ಜನರಿಂದ ಕಾಗದದ ಮೇಲೆ ಕನ್ನಡ ಅಂಕಿಗಳನ್ನು ಬರೆಸಿ, ಸ್ಕ್ಯಾನ್ ಮಾಡಿ, ‘ಕನ್ನಡ ಎಂನಿಸ್ಟ್’ ಎಂಬ ದತ್ತಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಕನ್ನಡದ ಒಂದು ಅಕ್ಷರ ಬಾರದ ದೇಶದೇಶಗಳ ಪ್ರೋಗ್ರಾಮರುಗಳು ಅದರ ಮೇಲೆ ಸ್ಪರ್ಧೆಗಿಳಿದರು. ಪೆನ್ನು, ಕಾಗದ, ಸ್ಕ್ಯಾನರ್ ಇಲ್ಲದ ಕಾಲೇಜು ಕೊಪ್ಪಳದಲ್ಲಿ ಯಾವುದಿದೆ? ಬೇರೆಯವರ ಬಳಿ ಇಲ್ಲದ ದತ್ತಾಂಶ ಇರುವವನ ಬಾಗಿಲಿಗೆ ವಿಜ್ಞಾನ ತಾನಾಗಿ ಬರುತ್ತದೆ.

ಪೋಷಕರ ಪ್ರಶ್ನೆ ನೇರವಾದದ್ದು: ದೂಳು ಅಳೆದವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕೀತೇ? ಸಾಲ ಮಾಡಿ ಓದಿಸುವ ಮನೆಗಳ ಈ ಪ್ರಶ್ನೆಗೆ ಗೌರವ ಕೊಟ್ಟೇ ಉತ್ತರಿಸಬೇಕು. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸಬರ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿ ಎಷ್ಟೋ ವರ್ಷಗಳಿಂದ ನಿಂತಿದೆ. 2025ರಲ್ಲಿ ಟಿಸಿಎಸ್ ಸುಮಾರು 12 ಸಾವಿರ ಉದ್ಯೋಗ ಕಡಿತ ಪ್ರಕಟಿಸಿತು. ಸಾಮಾನ್ಯ ಪ್ರೋಗ್ರಾಮನ್ನು ಕೃತಕ ಬುದ್ಧಿಮತ್ತೆಯೇ ಬರೆದುಕೊಡುವ ಈ ದಿನಗಳಲ್ಲಿ, ಕೊಂಡು ತಂದ ‘ಗ್ರಂಥಾಲಯ ನಿರ್ವಹಣೆ’ ಪ್ರಾಜೆಕ್ಟು ತೋರಿಸಿ ಕೆಲಸ ಕೇಳುವ ಹುಡುಗನ ಸ್ಥಿತಿ ಕಷ್ಟದ್ದು. ಕೆಟ್ಟ ಸಂವೇದಕ, ಅರ್ಧಂಬರ್ಧ ದತ್ತಾಂಶ, ಒಪ್ಪದ ಅಧಿಕಾರಿ, ಅನುಮಾನದ ಊರಿನವರು – ಇಷ್ಟನ್ನೂ ದಾಟಿ ಒಂದು ಉತ್ತರ ತಂದವಳಿಗೆ ಬೆಂಗಳೂರಿನ ಸಂದರ್ಶನದಲ್ಲಿ ಹೇಳಲು ಸ್ವಂತದ್ದೊಂದು ಇರುತ್ತದೆ. ಅವಳು ಬೆಂಗಳೂರಿಗೆ ಹೋದರೂ ಸರಿ. ಹೋಗುವ ಹಕ್ಕು ಅವಳದು. ಉಳಿಯುವವರಿಗೂ ದಾರಿಗಳಿವೆ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಷಿಪ್ ಗಿಟ್ಟಿಸಿದರೆ ತಿಂಗಳಿಗೆ 37,000 ರೂಪಾಯಿ, ಅಂದರೆ ಆ ಐಟಿ ಸಂಬಳಕ್ಕಿಂತ ಹೆಚ್ಚು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಕೊಟ್ಟ ಮೀಸಲಾತಿಯಿಂದ ಅಧ್ಯಾಪಕ, ಅಧಿಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಪಾಲಿದೆ. ಭಾನಾಪುರದ ಆಟಿಕೆ ಕ್ಲಸ್ಟರ್, ಗಿಣಿಗೇರಾದ ಉಕ್ಕು, ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಯಾಂತ್ರೀಕರಣ ಬಲ್ಲವರು ಬೇಕು. ಸಂಶೋಧನೆಯ ಪರಿಚಯವೇ ಇಲ್ಲದ ಪದವೀಧರನಿಗೆ ಫೆಲೋಷಿಪ್ಪಿನ ಹೆಸರೂ ಗೊತ್ತಿರುವುದಿಲ್ಲ ಎಂಬುದು ಇಂದಿನ ನಷ್ಟ.

ಕೊನೆಯ ಆಕ್ಷೇಪ ಉಪಸಮಿತಿಯದೇ: ಹಣವಿಲ್ಲ, ಕಾಯಂ ಅಧ್ಯಾಪಕರಿಲ್ಲ, ಇಂಥ ವಿಶ್ವವಿದ್ಯಾಲಯ ನಡೆಯುವುದು ಹೇಗೆ. ಹಣವಿಲ್ಲದೆ, ಹುದ್ದೆಗಳನ್ನು ಮಂಜೂರು ಮಾಡದೆ ವಿಶ್ವವಿದ್ಯಾಲಯ ಘೋಷಿಸಿದ್ದು ತಪ್ಪು, ಅದನ್ನು ಮುಚ್ಚಿಡಬೇಕಿಲ್ಲ. ಅತಿಥಿ ಉಪನ್ಯಾಸಕರ ಮೇಲೆ ನಿಂತ ವಿಭಾಗದಲ್ಲಿ ಐದು ವರ್ಷದ ಸಂಶೋಧನೆ ಸಾಗದು. ವರ್ಷಕ್ಕೊಮ್ಮೆ ಕೆಲಸ ಕಳೆದುಕೊಳ್ಳುವ ಭಯವಿರುವವರಿಂದ ಕಾರ್ಖಾನೆಯ ಗಾಳಿ ಅಳೆಯುವ ಧೈರ್ಯವನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಆದರೆ ಮುಚ್ಚಿ ಬಳ್ಳಾರಿಗೆ ಸೇರಿಸಿದರೆ ಆಗುವುದೇನು? ಅಂಕಪಟ್ಟಿಯ ಮುದ್ರೆ ನಾಲ್ಕನೇ ಸಲ ಬದಲಾಗುತ್ತದೆ, ಗಿಣಿಗೇರಾದ ಗಾಳಿಯನ್ನು ಅಳೆಯುವವರು ಆಗಲೂ ಯಾರೂ ಇರುವುದಿಲ್ಲ. ಹೆಸರು ಕೊಪ್ಪಳದ್ದಾಗಿರಲಿ ಬಳ್ಳಾರಿಯದಾಗಿರಲಿ, ವಿಭಾಗ ಇಲ್ಲಿರಬೇಕು. ಅದಕ್ಕೆ ಬೇಕಾದದ್ದು ಮೂರೋ ನಾಲ್ಕೋ ಕಾಯಂ ಹುದ್ದೆ, ಒಂದು ಪ್ರಮಾಣಿತ ವಾಯುಮಾಪಕ, ಮಾಲಿನ್ಯ ಮಂಡಳಿ ಮತ್ತು ಗಂಗಾವತಿಯ ಕೃಷಿ ಕೇಂದ್ರದೊಡನೆ ಲಿಖಿತ ಒಪ್ಪಂದ, ಅಂಕಿಅಂಶಗಳನ್ನು ಜನರಿಗೆ ತೆರೆದಿಡುವ ನಿಯಮ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರಸ್ತೆ, ಸಮುದಾಯ ಭವನಗಳಿಗೆ ಕೊಡುವ ಹಣದ ಮುಂದೆ ಇದು ಸಣ್ಣ ಮೊತ್ತ. ಜಿಲ್ಲೆಯ ಶಾಸಕರು, ಮಂಡಳಿಯ ಸದಸ್ಯರು ಇದನ್ನು ಈ ವರ್ಷದ ಕ್ರಿಯಾಯೋಜನೆಗೆ ಸೇರಿಸಬೇಕು. ಕೊನೆಯ ಸೆಮಿಸ್ಟರಿನಲ್ಲಿರುವ ವಿದ್ಯಾರ್ಥಿಗಳು ಅಷ್ಟರವರೆಗೆ ಕಾಯಬೇಕಾಗಿಲ್ಲ: ಅಂಗಡಿಗೆ ಕೊಡಬೇಕೆಂದಿರುವ ದುಡ್ಡಿನಲ್ಲಿ ಒಂದು ಸಂವೇದಕ ಬರುತ್ತದೆ. ಅದನ್ನು ತಂದು ನಿಮ್ಮ ಊರಿನ ಶಾಲೆಯ ಗೋಡೆಗೆ ಕಟ್ಟಿ, ಇಂದಿನಿಂದಲೇ ಬರೆದಿಡಲು ಶುರುಮಾಡಿ.